ಹೆಸರು ಒಂದೇ, ಮನುಷ್ಯ ಬೇರೆ: ಕೋಲಾರದ ಒಂದು ಸನ್ಮಾನದ ಪ್ರಕರಣ

ಕೋಲಾರದ ಒಂದು ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಒಬ್ಬರಿಗೆ ಆಗಬೇಕಿದ್ದ ಸನ್ಮಾನ ಇನ್ನೊಬ್ಬರಿಗೆ ಆಗಿಹೋಯಿತು. ಇಬ್ಬರ ಹೆಸರೂ ಒಂದೇ. ಇಬ್ಬರಿಗೂ ಎಪ್ಪತ್ತು ದಾಟಿದೆ. ಇಬ್ಬರೂ ಉಟ್ಟಿದ್ದು ಬಿಳಿ ಪಂಚೆ, ತೊಟ್ಟಿದ್ದು ಬಿಳಿ ಅಂಗಿ. ಇಬ್ಬರೂ ಆ ಹೊತ್ತಿಗೆ ಅದೇ ಸಭಾಂಗಣದಲ್ಲಿದ್ದರು. ಒಬ್ಬರು ಮುಂದಿನ ಸಾಲಿನಲ್ಲಿ, ಇನ್ನೊಬ್ಬರು ಬಾಗಿಲ ಪಕ್ಕದ ಕೊನೇ ಸಾಲಿನಲ್ಲಿ.

ಊರಿನಲ್ಲಿ ಈಗಲೂ ಕೆಲವರು ಈ ಸಂಗತಿಯನ್ನು ತಮಾಷೆ ಮಾಡಿಕೊಂಡು ಹೇಳುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಜಿಲ್ಲೆಯ ಕಾರ್ಯಕ್ರಮಗಳಲ್ಲಿ ನಾನೂ ಆಗಾಗ ನಿರೂಪಣೆ ಮಾಡುತ್ತೇನೆ. ಆ ದಿನ ಮಾತ್ರ ಸಭೆಯಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಆಮೇಲೆ ಇಬ್ಬರು ಹಿರಿಯರ ಹತ್ತಿರವೂ, ನಿರೂಪಕಿಯ ಹತ್ತಿರವೂ, ಓಡಾಡುತ್ತಿದ್ದ ಕಾರ್ಯಕರ್ತ ಹುಡುಗನ ಹತ್ತಿರವೂ ಕೂತು ಮಾತಾಡಿದೆ. ಬರೆಯಿರಿ, ಆದರೆ ಹೆಸರು ಊರು ಬೇಡ ಎಂದರು. ಕಾರ್ಯಕ್ರಮ ನಡೆಸಿದ ಸಂಘದ ಹೆಸರನ್ನೂ ನಾನು ಹಾಕುತ್ತಿಲ್ಲ. ಇಬ್ಬರನ್ನೂ ಗುರುತಿಸಲು ಅವರ ಕೆಲಸದ ಹೆಸರಿಂದಲೇ ಕರೆಯುತ್ತೇನೆ: ನೀರಗಂಟಿ ತಾತ, ಮಂಡಿ ತಾತ.

ಇಬ್ಬರು ತಾತಂದಿರು

ಸನ್ಮಾನ ಆಗಬೇಕಿದ್ದುದು ನೀರಗಂಟಿ ತಾತನಿಗೆ. ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವರು. ನೀರಗಂಟಿ ಅಂದರೆ ಯಾರು ಅಂತ ಕೋಲಾರದ ಹುಡುಗರಿಗೇ ಬಿಡಿಸಿ ಹೇಳಬೇಕಾದ ಕಾಲ ಇದು. ಅದು ನನಗೆ ಬೇಜಾರಿನ ವಿಷಯ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ ನಮ್ಮದು. ಇಲ್ಲಿ ಬದುಕು ನಡೆದದ್ದು ಕೆರೆಗಳ ಮೇಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವ ಮೊದಲು ಹಳೇ ಕೋಲಾರ ಜಿಲ್ಲೆಯ ಲೆಕ್ಕದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆಗಳಿದ್ದವು. ಅವುಗಳ ನೀರಿಗೆ ಕಾವಲು ನಿಂತವರು ನೀರಗಂಟಿಗಳು.

ತೂಬು, ಅಂದರೆ ಕೆರೆಯಿಂದ ನೀರು ಬಿಡುವ ಬಾಗಿಲು, ಯಾವತ್ತು ಎತ್ತಬೇಕು, ಎಷ್ಟು ಎತ್ತಬೇಕು, ಯಾರ ಗದ್ದೆಗೆ ಮೊದಲು, ಅಚ್ಚುಕಟ್ಟಿನ ಕೊನೇ ಗದ್ದೆಗೂ ನೀರು ಮುಟ್ಟಿತಾ ಇಲ್ಲವಾ, ಇದೆಲ್ಲ ನೋಡುವವರು ಅವರೇ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ, ಅಂದರೆ ಕೆರೆಯ ಕಟ್ಟೆ, ಮೇಲೆ ನಡೆಯಬೇಕು. ಏಡಿ ಬಿಲವೋ ಇಲಿ ಬಿಲವೋ ಕಂಡರೆ ಆಗಲೇ ಮುಚ್ಚಬೇಕು. ಇದಕ್ಕೆ ಸಂಬಳ ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಹೋದರೆ ರೈತರು ಇಷ್ಟು ಅಂತ ರಾಗಿಯೋ ಭತ್ತವೋ ಅಳೆದು ಕೊಡುತ್ತಿದ್ದರು. ಹೆಚ್ಚಿನ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಿಗೆ ಅಪ್ಪನಿಂದ ಮಗನಿಗೆ ಬಂದದ್ದು. ಊರಿಗೆಲ್ಲ ನೀರು ಹಂಚುವವರು, ಊರ ಸಭೆಯಲ್ಲಿ ಮಾತ್ರ ಹಿಂದೆ ನಿಲ್ಲುವವರು. ಈ ಪ್ರಕರಣದಲ್ಲಿ ಅದು ಮುಖ್ಯ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬೋರ್‌ವೆಲ್ ಬಂದವು, ಸಾವಿರ ಅಡಿ ದಾಟಿದವು, ಕೆರೆಗಳು ಒಣಗಿದವು, ನೀರಗಂಟಿಗಳು ಕೂಲಿಗೆ ಹೋದರು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಆದರೆ ಅದು ಅಂತರ್ಜಲಕ್ಕೆ ಅಂತ ಬಿಟ್ಟ ನೀರು. ತೂಬು ಎತ್ತಿ ನೇರ ಗದ್ದೆಗೆ ಹರಿಸುವಂತಿಲ್ಲ. ಹಾಗಾಗಿ ಕೆರೆ ತುಂಬಿದರೂ ನೀರಗಂಟಿಯ ಕೆಲಸ ಎಲ್ಲ ಕಡೆ ವಾಪಸ್ ಬರಲಿಲ್ಲ. ಈ ತಾತ ಮಾತ್ರ ಕೆರೆ ಒಣಗಿದ ವರ್ಷಗಳಲ್ಲೂ ತೂಬಿನ ಹೂಳು ತೆಗೆಯುವುದನ್ನು, ಏರಿ ಮೇಲಿನ ಜಾಲಿ ಕಡಿಯುವುದನ್ನು ನಿಲ್ಲಿಸಿರಲಿಲ್ಲ. 2021ರ ನವೆಂಬರ್ ಮಳೆ ಯಾರೂ ಮರೆತಿಲ್ಲ ಅಲ್ವಾ? ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಹರಿದವು. ಆ ರಾತ್ರಿ ಇವರ ಊರಿನ ಏರಿಯಲ್ಲಿ ಒಂದು ಕಡೆ ನೀರು ಜಿನುಗುವುದನ್ನು ಕಂಡು, ಯುವಕರನ್ನು ಎಬ್ಬಿಸಿ, ಮರಳಿನ ಮೂಟೆ ಹಾಕಿಸಿ ಕೆರೆ ಉಳಿಸಿದವರು ಇವರೇ. ಸಂಘದ ಒಬ್ಬ ಸದಸ್ಯರಿಗೆ ಈ ವಿಷಯ ಗೊತ್ತಿತ್ತು. ಅವರೇ ಹೆಸರು ಸೂಚಿಸಿದರು. ಕಾರ್ಯಕ್ರಮದ ದಿನ ಆ ಸದಸ್ಯರು ಊರಲ್ಲಿರಲಿಲ್ಲ.

ಮಂಡಿ ತಾತ ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲಿ ಆಗಿದ್ದವರು. ಹದಿನೈದು ಕೆ.ಜಿ. ಬಾಕ್ಸ್‌ಗಳನ್ನು ಟೆಂಪೋದಿಂದ ಇಳಿಸಿ, ಹರಾಜಾದ ಮೇಲೆ ಲಾರಿಗೆ ಏರಿಸಿ ಜೀವನ ಸವೆಸಿದವರು. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲಿದ್ದಾರೆ. ಅವತ್ತು ಬಂದದ್ದು ಮೊಮ್ಮಗಳಿಗಾಗಿ. ಏಳನೇ ಕ್ಲಾಸಿನ ಹುಡುಗಿ, ಶಾಲೆಯ ತಂಡದಲ್ಲಿ ನಾಡಗೀತೆ ಹಾಡುವವಳು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಕರೆದುಕೊಂಡು ಬರಲು ತಾತನೇ ಆಗಬೇಕಿತ್ತು.

ತಪ್ಪು ಹೇಗಾಯಿತು

ಒಂದೇ ಕಡೆ ಆದ ತಪ್ಪಲ್ಲ ಇದು. ಒಂದರ ಮೇಲೊಂದು ಬಿದ್ದದ್ದು.

ಸನ್ಮಾನಿತರ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು. ಇನಿಷಿಯಲ್ ಇತ್ತು, ಊರಿರಲಿಲ್ಲ, ಫೋಟೋ ಇರಲಿಲ್ಲ. ನಮ್ಮ ಕಡೆ ಮುನಿಯಪ್ಪ, ನಾರಾಯಣಸ್ವಾಮಿ, ವೆಂಕಟೇಶಪ್ಪ ಎಂಬ ಹೆಸರಿನವರು ಒಂದೊಂದು ಊರಲ್ಲೂ ಮೂರು ನಾಲ್ಕು ಜನ. ಈ ಇಬ್ಬರ ಹೆಸರೂ ಅಂಥದ್ದೇ. ಹೆಸರಿನ ಮುಂದೆ ಊರಿದ್ದರೆ ಸಾಕಾಗಿತ್ತು. ಊರು ಟೈಪ್ ಮಾಡಲು ಎಷ್ಟು ಹೊತ್ತು ಬೇಕು?

ನೀರಗಂಟಿ ತಾತನಿಗೆ ಕರೆ ಹೋದದ್ದು ಊರಿನ ಪಂಚಾಯ್ತಿ ಸದಸ್ಯರ ಮೂಲಕ. "ಕೋಲಾರದಲ್ಲಿ ನಿನಗೆ ಶಾಲು ಹಾಕ್ತಾರಂತೆ, ಹತ್ತು ಗಂಟೆಗೆ ಹೋಗು" ಎಂದಷ್ಟೇ ಹೇಳಿದ್ದರು. ಆಹ್ವಾನ ಪತ್ರಿಕೆ ಅವರ ಕೈಗೆ ಬಂದಿರಲಿಲ್ಲ. ಬೆಳಿಗ್ಗೆ ಬೇಗ ಬಸ್ ಹತ್ತಿ, ಒಂಬತ್ತೂವರೆಗೆಲ್ಲ ಬಂದು ಕೂತಿದ್ದರು. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಅವರೂ ಯಾರಿಗೂ ಹೇಳಲಿಲ್ಲ. "ಹೆಸರು ಕೂಗ್ತಾರಲ್ಲ, ಆಗ ಹೋದ್ರಾಯ್ತು ಅಂತ ಕೂತೆ" ಎಂದರು ನನ್ನ ಹತ್ತಿರ. ಜನ್ಮವೆಲ್ಲ ಸಭೆಯ ಹಿಂದೆ ಕೂತವರು ಮುಂದೆ ಹೋಗಿ "ನಾನೇ ಸನ್ಮಾನಿತ" ಎಂದು ಹೇಳುತ್ತಾರೆಯೇ? ಅವರನ್ನು ಹುಡುಕಿ ಮುಂದೆ ಕೂರಿಸಬೇಕಾದ್ದು ಕರೆದವರ ಕೆಲಸ.

ಮುಂದಿನ ಸಾಲಿನಲ್ಲಿ ಹಾಡುವ ಮಕ್ಕಳ ಮನೆಯವರನ್ನು ಕೂರಿಸಿದ್ದರು. ಮಂಡಿ ತಾತ ಅಲ್ಲಿದ್ದರು. ಎಂದೋ ಯಾರೋ ಕೊಟ್ಟಿದ್ದ ಹಸಿರು ಶಾಲು ಹೆಗಲ ಮೇಲಿತ್ತು. ಕಾರ್ಯಕರ್ತ ಹುಡುಗ ಕೈಯಲ್ಲಿ ಪಟ್ಟಿ ಹಿಡಿದು ಬಂದ. ಹಸಿರು ಶಾಲು, ಬಿಳಿ ಮೀಸೆ ನೋಡಿ ಬಗ್ಗಿ ಕೇಳಿದ: "ತಾತ, ನೀವು ಇವರೇನಾ?" ಹೆಸರು ಸರಿಯಾಗಿತ್ತು. "ಹೌದು ಕಣಪ್ಪ" ಎಂದರು. "ಬನ್ನಿ ಮೇಲೆ" ಎಂದ. ಮಕ್ಕಳ ಜೊತೆ ಮನೆ ಹಿರಿಯರನ್ನೂ ವೇದಿಕೆಗೆ ಕರೆಯುತ್ತಿದ್ದಾರೆ ಅಂದುಕೊಂಡು ತಾತ ಎದ್ದರು. ಅದೇ ವೇದಿಕೆಯಲ್ಲಿ ಮೊಮ್ಮಗಳು ಆಗಷ್ಟೇ ಹಾಡಿ ಇಳಿದಿದ್ದಳು. ಅವರು ಹಾಗಂದುಕೊಂಡದ್ದರಲ್ಲಿ ತಪ್ಪೇನಿದೆ?

ಇನ್ನೂ ಒಂದು ಕಾರಣ ಇತ್ತು. ಸನ್ಮಾನ ಇದ್ದದ್ದು ಭಾಷಣಗಳ ನಂತರ. ಚಹಾ ಹೊತ್ತಿನಲ್ಲಿ ಸನ್ಮಾನಿತರನ್ನೆಲ್ಲ ಒಂದು ಕಡೆ ಸೇರಿಸಿ ಪಟ್ಟಿ ನೋಡೋಣ ಎಂದು ನಿರೂಪಕಿ ಯೋಚಿಸಿದ್ದರು. ಮುಖ್ಯ ಅತಿಥಿಗೆ ಇನ್ನೊಂದು ಕಾರ್ಯಕ್ರಮ ಇದೆ, ಬೇಗ ಹೊರಡಬೇಕು ಎಂದು ಕಾರ್ಯದರ್ಶಿ ಚೀಟಿ ಕಳಿಸಿದರು. ಸನ್ಮಾನ ಮುಂದೆ ಬಂತು. ಪಟ್ಟಿ ನೋಡುವ ಕೆಲಸ ಬಿಟ್ಟುಹೋಯಿತು. ನಮ್ಮ ಕಾರ್ಯಕ್ರಮಗಳಲ್ಲಿ ಅತಿಥಿಯ ಅವಸರಕ್ಕೆ ಎಲ್ಲವೂ ಜಾಗ ಬಿಡುತ್ತವೆ. ಸನ್ಮಾನ ಯಾರಿಗಾಗಿ ಇಟ್ಟದ್ದೋ ಅವರೂ ಸಹ.

ಕೊನೇ ಸಾಲಿನಲ್ಲಿ ನೀರಗಂಟಿ ತಾತ ತಮ್ಮ ಹೆಸರು ಕೇಳಿ ಎದ್ದು ನಿಂತರು. ಪಂಚೆ ಸರಿಮಾಡಿಕೊಂಡರು. ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ವೇದಿಕೆಯ ಮೆಟ್ಟಿಲ ಮೇಲೆ ಬೇರೆ ಯಾರೋ ಇದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರು ಮತ್ತೆ ಕೂತರು. "ಅದೇ ಹೆಸರಿನೋರು ಇನ್ನೊಬ್ರು ಇರಬೇಕು, ನನ್ನ ಸರದಿ ಆಮೇಲೆ ಬರುತ್ತೆ ಅನ್ಕೊಂಡೆ" ಎಂದರು.

ನಿಜ ಹೇಳಿದರೂ ಯಾರಿಗೂ ಕೇಳಲಿಲ್ಲ

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ ಭಾಗ ಇದು. "ಅವರಿಗೆ ಗೊತ್ತಾಗಲಿಲ್ಲವಾ? ಹೇಳಬಹುದಿತ್ತಲ್ಲ?" ಎಂದು ಕೇಳುವವರು ಬಹಳ. ಮಂಡಿ ತಾತ ಹೇಳಿದರು. ಮೈಕಿನಲ್ಲೇ ಹೇಳಿದರು.

ಮೊದಲು ವೇದಿಕೆಯ ಮೇಲಿನ ಸ್ಥಿತಿ ಹೇಳುತ್ತೇನೆ. ಧ್ವನಿವರ್ಧಕದ ಬಾಕ್ಸ್‌ಗಳು ಸಭೆಯ ಕಡೆ ಮುಖ ಮಾಡಿರುತ್ತವೆ. ಅವುಗಳ ಹಿಂದೆ ಕೂತವರಿಗೆ ಮಾತು ಗುಂಯ್ ಎನ್ನುತ್ತದೆ ಅಷ್ಟೇ. ಸಭೆಯಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಕೇಳುವ ಪರಿಚಯ, ಯಾರ ಪರಿಚಯವೋ ಅವರಿಗೇ ಸರಿಯಾಗಿ ಕೇಳುವುದಿಲ್ಲ. ಮೇಲೆ ಹೋದ ತಕ್ಷಣ ಕೊರಳಿಗೆ ಹಾರ, ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ. ಪೇಟ ಒಂದು ಅಳತೆ ದೊಡ್ಡದು, ಕಿವಿಯ ಮೇಲೆ ಇಳಿಯಿತು. ಒಂದು ಕೈಗೆ ಹಣ್ಣಿನ ಬುಟ್ಟಿ, ಇನ್ನೊಂದು ಕೈಗೆ ಫಲಕ. ಫಲಕದ ಮೇಲೆ ಅವರದೇ ಹೆಸರು. ಫೋಟೋದವರು "ಈ ಕಡೆ ನೋಡಿ" ಎನ್ನುತ್ತಿದ್ದಾರೆ. ಓದಲು ಬಾರದ ಮನುಷ್ಯನಿಗೆ ಇದೆಲ್ಲ ತನ್ನದಲ್ಲ ಎಂದು ತಿಳಿಯುವ ದಾರಿ ಯಾವುದು?

ನಿರೂಪಕಿ ಅಭಿನಂದನಾ ಪತ್ರ ಓದುವಾಗ "ಕೆರೆ", "ತೂಬು", "ಏರಿ" ಎಂಬ ಮಾತು ಎರಡು ಮೂರು ಸಲ ಕಿವಿಗೆ ಬಿತ್ತು. ಆಗ ಅವರಿಗೆ ಅನುಮಾನ ಬಂತು. ಪಕ್ಕದಲ್ಲಿದ್ದ ಗಣ್ಯರ ಕಡೆ ತಿರುಗಿ "ಸ್ವಾಮಿ, ನಾನು ಮಂಡಿಯೋನು" ಎಂದರು. ಗಣ್ಯರು ನಗುತ್ತಾ ಕೈ ಕುಲುಕಿದರು. ಚಪ್ಪಾಳೆಯ ಸದ್ದಿನಲ್ಲಿ ಅವರಿಗೆ ಕೇಳಿರಲಿಕ್ಕಿಲ್ಲ.

ಆಮೇಲೆ "ಎರಡು ಮಾತು ಹೇಳಿ ತಾತ" ಎಂದು ಮೈಕ್ ಕೊಟ್ಟರು. ಅವರು ಹೇಳಿದ್ದು ಇಷ್ಟು: "ಇದು ನಂದಲ್ಲ. ನಾನು ಅಂಥದ್ದೇನೂ ಮಾಡಿಲ್ಲ. ಯಾರಿಗೆ ಸೇರಬೇಕೋ ಅವರಿಗೆ ಕೊಡಿ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವತ್ತಿನ ಹನ್ನೆರಡು ಸನ್ಮಾನಗಳಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬೇರೆ ಯಾರಿಗೂ ಬರಲಿಲ್ಲ.

ಯಾಕೆ ಹೀಗಾಯಿತು? ನಮ್ಮಲ್ಲಿ ಸನ್ಮಾನ ಪಡೆದವರೆಲ್ಲ ಇದೇ ಮಾತು ಹೇಳುತ್ತಾರೆ. "ನಾನು ಇದಕ್ಕೆ ಅರ್ಹನಲ್ಲ", "ಇದು ನನಗೆ ಸಂದ ಗೌರವ ಅಲ್ಲ, ನನ್ನ ಊರಿಗೆ ಸಂದದ್ದು". ವಿನಯಕ್ಕೆ ಹೇಳುವ ಮಾತು ಅದು ಎಂದು ಎಲ್ಲರಿಗೂ ಗೊತ್ತು. ಹೇಳದಿದ್ದರೇ ಅಹಂಕಾರ ಅನ್ನುತ್ತಾರೆ. ಹಾಗಾಗಿ ಒಬ್ಬ ಮನುಷ್ಯ ನಿಜವಾಗಿ "ಇದು ನನ್ನದಲ್ಲ" ಎಂದಾಗ ಅದು ಯಾರ ಕಿವಿಗೂ ನಿಜವಾಗಿ ಬೀಳಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು "ಎಷ್ಟು ದೊಡ್ಡ ಮನಸ್ಸು ನೋಡಿ" ಎಂದು ಕಣ್ಣು ಒರೆಸಿಕೊಂಡರು.

ಹೊರದೇಶದಲ್ಲೂ ಇಂಥದ್ದೊಂದು ನಡೆದಿದೆ. 2006ರ ಮೇ 8ರಂದು ಲಂಡನ್ನಿನ ಬಿಬಿಸಿ ಕಚೇರಿಗೆ ಕಾಂಗೋ ದೇಶದ ಗೈ ಗೋಮಾ ಎಂಬುವರು ಕೆಲಸದ ಸಂದರ್ಶನಕ್ಕೆ ಬಂದಿದ್ದರು. ಅದೇ ಹೊತ್ತಿಗೆ ಗೈ ಕ್ಯೂನಿ ಎಂಬ ತಂತ್ರಜ್ಞಾನ ಪತ್ರಕರ್ತರು ನೇರಪ್ರಸಾರಕ್ಕೆ ಬಂದು ಇನ್ನೊಂದು ಕಡೆ ಕಾಯುತ್ತಿದ್ದರು. ಕರೆಯಲು ಬಂದವರು ಗೋಮಾ ಅವರನ್ನು ಕರೆದೊಯ್ದು ಕ್ಯಾಮೆರಾ ಮುಂದೆ ಕೂರಿಸಿದರು. ಆ್ಯಪಲ್ ಕಂಪನಿಯ ಕೋರ್ಟ್ ತೀರ್ಪಿನ ಬಗ್ಗೆ "ನಿಮಗೆ ಆಶ್ಚರ್ಯವಾಯಿತಾ" ಎಂದು ಪ್ರಶ್ನೆ ಬಂತು. ತುಂಬ ಆಶ್ಚರ್ಯವಾಗಿದೆ, ಇದನ್ನು ನಾನು ಎಣಿಸಿಯೇ ಇರಲಿಲ್ಲ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಅವರು ಹೇಳಿದ್ದು ತಮ್ಮ ಪರಿಸ್ಥಿತಿಯನ್ನೇ. ಕೇಳಿದವರಿಗೆ ಅದು ತೀರ್ಪಿನ ಬಗ್ಗೆ ಹೇಳಿದಂತೆ ಕೇಳಿಸಿತು. ನಿಜವಾದ ಅತಿಥಿ ಹೊರಗೆ ಟಿವಿಯಲ್ಲಿ ತಮ್ಮ ಜಾಗದಲ್ಲಿ ಬೇರೆಯವರನ್ನು ನೋಡುತ್ತಿದ್ದರು. ಜಗತ್ತು ಈ ವಿಡಿಯೊ ನೋಡಿ ಬಹಳ ನಕ್ಕಿತು. ಕೋಲಾರದ ಆ ಕೊನೇ ಸಾಲು ನೋಡಿದ ಮೇಲೆ ನನಗೆ ಹೊರಗೆ ಕಾದು ಕೂತಿದ್ದವರ ನೆನಪೇ ಜಾಸ್ತಿ ಆಗುತ್ತದೆ.

ಶಾಲು ವಾಪಸ್ ಕೇಳಿದ್ದು

ತಪ್ಪು ಹಿಡಿದವಳು ಮೊಮ್ಮಗಳು. ಸಂತೋಷದಿಂದಲೇ ತನ್ನ ಟೀಚರ್‌ಗೆ ಹೇಳಿದಳು: "ಮಿಸ್, ನಮ್ಮ ತಾತ ಕೆರೆ ಕೆಲಸ ಮಾಡ್ತಿದ್ರಾ? ನಂಗೆ ಗೊತ್ತೇ ಇರಲಿಲ್ಲ. ಮಂಡೀಲಿ ಇದ್ರು ಅಂತ ಅನ್ಕೊಂಡಿದ್ದೆ." ಟೀಚರ್ ಹೋಗಿ ಕಾರ್ಯಕರ್ತ ಹುಡುಗನಿಗೆ ಹೇಳಿದರು. ಹುಡುಗನ ಮುಖ ಬಿಳಿಚಿಹೋಯಿತು. ಪದಾಧಿಕಾರಿಗಳು ವೇದಿಕೆ ಹಿಂದೆ ಸೇರಿದರು.

ಇಲ್ಲಿಯವರೆಗೆ ಆದದ್ದೆಲ್ಲ ಕ್ಷಮಿಸಬಹುದಾದ ತಪ್ಪು. ಮುಂದಿನದ್ದು ಹಾಗಲ್ಲ. ಅದು ತಿಳಿದೂ ಮಾಡಿದ್ದು.

ಮೈಕಿನಲ್ಲಿ ಹೇಳಿದರೆ ಸಂಘದ ಮರ್ಯಾದೆ ಹೋಗುತ್ತದೆ, ಮುಖ್ಯ ಅತಿಥಿಗೆ ಮುಜುಗರ ಆಗುತ್ತದೆ ಎಂದು ಸುಮ್ಮನಿರಲು ತೀರ್ಮಾನಿಸಿದರು. ಕಾರ್ಯದರ್ಶಿ ಊಟದ ಜಾಗಕ್ಕೆ ಹೋಗಿ ಮಂಡಿ ತಾತನನ್ನು ಪಕ್ಕಕ್ಕೆ ಕರೆದರು. "ಯಜಮಾನ್ರೇ, ಒಂದು ಸಣ್ಣ ತಪ್ಪಾಗಿದೆ, ಬೇಜಾರು ಮಾಡ್ಕೋಬೇಡಿ" ಎಂದು ಶುರು ಮಾಡಿ ಶಾಲು, ಪೇಟ, ಫಲಕ, ಹಣದ ಕವರ್ ಎಲ್ಲ ಕೇಳಿದರು. ಒಬ್ಬರಿಗೆ ಒಂದೇ ಸೆಟ್ ತಂದಿದ್ದರು, ಬೇರೆ ಇರಲಿಲ್ಲ. ತಾತ ಏನೂ ಮಾತಾಡಲಿಲ್ಲ. ಪೇಟ ತೆಗೆದು ಬುಟ್ಟಿಯ ಮೇಲಿಟ್ಟರು. ಶಾಲಿನ ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದರು. ಕವರ್ ಒಡೆದಿರಲೇ ಇಲ್ಲ. ಎಲ್ಲ ಕೊಟ್ಟು, ಮೊಮ್ಮಗಳ ಕೈ ಹಿಡಿದು ಊಟ ಮಾಡದೆ ಹೊರಟರು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೆಲ್ಲ ನೋಡುತ್ತಿದ್ದರು. ಏನು ನಡೆಯಿತು ಎಂದು ಗೊತ್ತಿಲ್ಲದವರಿಗೆ ಅದು ಹೇಗೆ ಕಂಡಿರಬೇಕು? ಸುಳ್ಳು ಹೇಳಿ ಶಾಲು ಹಾಕಿಸಿಕೊಂಡವನು ಸಿಕ್ಕಿಬಿದ್ದ ಹಾಗೆ ಕಂಡಿತು. ಸಂಜೆ ಹೊತ್ತಿಗೆ ಅವರ ಬೀದಿಯಲ್ಲಿ ಅದೇ ಮಾತು ಹಬ್ಬಿತ್ತು.

ಆಮೇಲೆ ಕೊನೇ ಸಾಲಿನಲ್ಲಿದ್ದ ನೀರಗಂಟಿ ತಾತನನ್ನು ಹುಡುಕಿದರು. ವಂದನಾರ್ಪಣೆ ನಡೆಯುವಾಗ ವೇದಿಕೆಗೆ ಕರೆದು ಅದೇ ಶಾಲು, ಅದೇ ಪೇಟ ಹಾಕಿದರು. ಮುಖ್ಯ ಅತಿಥಿ ಹೊರಟುಹೋಗಿದ್ದರು. ಮುಕ್ಕಾಲು ಪಾಲು ಕುರ್ಚಿ ಖಾಲಿ. ಅಭಿನಂದನಾ ಪತ್ರ ಎರಡನೇ ಸಲ ಓದಲಿಲ್ಲ. ಪೇಪರಿನ ಫೋಟೋಗ್ರಾಫರ್ ಇರಲಿಲ್ಲ. ಯಾಕೆ ಇನ್ನೊಂದು ಸಲ ಅದೇ ಹೆಸರು ಎಂದು ಯಾರೂ ವಿವರಿಸಲಿಲ್ಲ. ಮಾರನೇ ದಿನದ ಪೇಪರಿನಲ್ಲಿ ಮಂಡಿ ತಾತನ ಫೋಟೋ, ಕೆಳಗೆ ನೀರಗಂಟಿ ತಾತನ ಸಾಧನೆ. ಎರಡು ಊರಲ್ಲೂ ಜನ ಕೇಳಿದರು. ಒಂದು ಊರಲ್ಲಿ "ನೀನು ಯಾವ ಕೆರೆ ಕಾದೆಯಪ್ಪ?", ಇನ್ನೊಂದರಲ್ಲಿ "ನಿನ್ನ ಹೆಸರಿಗೆ ಯಾರದೋ ಮುಖ ಹಾಕಿದ್ದಾರಲ್ಲ?"

ಏನು ಮಾಡಬಹುದಿತ್ತು

ತಪ್ಪು ಗೊತ್ತಾದ ಕ್ಷಣದಲ್ಲಿ ಸಭೆ ತುಂಬಿತ್ತು. ನಿರೂಪಕಿಯ ಕೈಯಲ್ಲಿ ಮೈಕ್ ಇತ್ತು. ಎರಡು ನಿಮಿಷದ ಕೆಲಸ. "ಹೆಸರು ಒಂದೇ ಆದದ್ದರಿಂದ ನಮ್ಮಿಂದ ತಪ್ಪಾಗಿದೆ. ಈ ತಾತ ಮೈಕಿನಲ್ಲಿ ಹೇಳಿದ್ದು ನಿಜ, ನಾವೇ ಕೇಳಿಸಿಕೊಳ್ಳಲಿಲ್ಲ" ಎಂದು ಹೇಳಿ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಬಹುದಿತ್ತು. ಹಾಕಿದ ಶಾಲು ಹಾಕಿದವರಿಗೇ ಇರಬೇಕು. ಅಂಗಡಿ ಎದುರಿಗೇ ಇತ್ತು, ಇನ್ನೊಂದು ಶಾಲು ತರಲು ಹತ್ತು ನಿಮಿಷ ಸಾಕು.

2017ರ ಫೆಬ್ರವರಿಯಲ್ಲಿ ಆಸ್ಕರ್ ವೇದಿಕೆಯಲ್ಲಿ ತಪ್ಪು ಲಕೋಟೆ ಕೈಗೆ ಬಂದು ಬೇರೆ ಚಿತ್ರದ ಹೆಸರು ಓದಿದ್ದು ನೆನಪಿರಬಹುದು. ಆ ತಂಡದವರು ಧನ್ಯವಾದ ಹೇಳುತ್ತಿದ್ದಾಗಲೇ ತಪ್ಪು ತಿಳಿಯಿತು. ತಪ್ಪಾಗಿ ಪ್ರಶಸ್ತಿ ಪಡೆದ ಚಿತ್ರದ ನಿರ್ಮಾಪಕರೇ ಮೈಕಿನಲ್ಲಿ ಗೆದ್ದವರು ತಾವಲ್ಲ ಎಂದು ಹೇಳಿ, ಸರಿಯಾದ ಚೀಟಿ ಎತ್ತಿ ತೋರಿಸಿದರು. ಅಲ್ಲಿ ಆ ನಿರ್ಮಾಪಕರ ಮಾತನ್ನು ಕೇಳುವವರಿದ್ದರು. ಮಂಡಿ ತಾತನೂ ಅದನ್ನೇ ಮಾಡಿದರು. ಅವರಿಗೆ ಚಪ್ಪಾಳೆ ಮಾತ್ರ ಸಿಕ್ಕಿತು.

ಶಾಲು ಹಾರಗಳೇ ಬೇಡ ಎನ್ನುವವರೂ ಇದ್ದಾರೆ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಖರ್ಚಿನ ಮಟ್ಟಿಗೆ ಅದು ಸರಿ. ಆದರೆ ಇಲ್ಲಿ ಶಾಲಿನ ಬದಲು ಪುಸ್ತಕ ಇದ್ದಿದ್ದರೂ ತಪ್ಪು ತಪ್ಪೇ ಆಗುತ್ತಿತ್ತು. ಹನ್ನೆರಡು ಜನರಲ್ಲಿ ಒಬ್ಬರ ಮುಖವೂ ಶಾಲು ಹಾಕುವವರಿಗೆ ಪರಿಚಯ ಇರಲಿಲ್ಲ. ಸಂಘದಿಂದ ಒಬ್ಬರಾದರೂ ಮೊದಲೇ ಆ ಹಳ್ಳಿಗೆ ಹೋಗಿ, ಏರಿ ಮೇಲೆ ಒಂದು ಸುತ್ತು ಹಾಕಿ, ತಾತನ ಜೊತೆ ಟೀ ಕುಡಿದು ಬಂದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಕೋಲಾರದಿಂದ ಮುಳಬಾಗಿಲಿಗೆ ಬೈಕಿನಲ್ಲಿ ಒಂದು ಗಂಟೆಯೂ ಬೇಡ.

ಆಮೇಲೆ ಆದದ್ದು

ಪೇಪರಿನವರು ಕೆಲವು ದಿನಗಳ ನಂತರ ಒಳಪುಟದಲ್ಲಿ ಸಣ್ಣ ತಿದ್ದುಪಡಿ ಹಾಕಿದರು. ಕಾರ್ಯಕರ್ತ ಹುಡುಗ ಯಾರೂ ಹೇಳದಿದ್ದರೂ ತಾನೇ ಎರಡು ಮನೆಗೂ ಹೋಗಿ ಕ್ಷಮೆ ಕೇಳಿ ಬಂದ. ಇಪ್ಪತ್ತೆರಡು ವರ್ಷದ ಹುಡುಗ. ದೊಡ್ಡವರು ಮಾಡಬೇಕಾದ ಕೆಲಸ ಅವನು ಮಾಡಿದ.

ಅವನು ಹೋದಾಗ ನೀರಗಂಟಿ ತಾತ ಮೊದಲು ಕೇಳಿದ್ದು ಮಂಡಿ ತಾತನ ವಿಷಯ. "ಆ ಯಜಮಾನನ ಹೆಗಲ ಮೇಲಿಂದ ತೆಗೆದದ್ದನ್ನ ನನಗೆ ಹೊದಿಸಿದ್ರಂತಲ್ಲ? ಮೊದಲೇ ಗೊತ್ತಿದ್ರೆ ನಾನು ಹಾಕಿಸ್ಕೊಳ್ತಾ ಇರಲಿಲ್ಲ" ಎಂದರಂತೆ. ಶಾಲನ್ನು ಹುಡುಗನ ಕೈಯಲ್ಲೇ ವಾಪಸ್ ಕಳಿಸಿದರು. ಕೋಲಾರದ ಮನೆಗೆ ಕೊಡು ಎಂದರು. ಮಂಡಿ ತಾತ ಅದನ್ನು ತಗೊಳ್ಳಲಿಲ್ಲ. "ಅದು ಕೆರೆ ಕಾದೋರದ್ದು" ಎಂದರು. ಈಗ ಶಾಲು ಹುಡುಗನ ಮನೆಯ ಬೀರುವಿನಲ್ಲಿದೆ.

ಮುಂದಿನ ವರ್ಷ ಸಂಘದವರು ಆಹ್ವಾನ ಪತ್ರಿಕೆಯಲ್ಲಿ ಪ್ರತಿ ಸನ್ಮಾನಿತರ ಫೋಟೋ ಮತ್ತು ಊರು ಹಾಕಿದರು. ಒಬ್ಬೊಬ್ಬರ ಜೊತೆ ಒಬ್ಬ ಕಾರ್ಯಕರ್ತರನ್ನು ಬಾಗಿಲಿನಿಂದಲೇ ನೇಮಿಸಿದರು. ಒಳ್ಳೇ ಕೆಲಸ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ವೇದಿಕೆಯ ಮೇಲೆ ಹಿಂದಿನ ವರ್ಷದ ವಿಷಯ ಯಾರೂ ಎತ್ತಲಿಲ್ಲ. ಮಂಡಿ ತಾತನ ಬೀದಿಯಲ್ಲಿ ಹಬ್ಬಿದ ಮಾತು ಸುಳ್ಳು ಎಂದು ಸಂಘದ ಬಾಯಿಂದ ಬಂದರೆ ಮಾತ್ರ ಅದು ನಿಲ್ಲುತ್ತದೆ.

ಕಾರ್ಯಕ್ರಮದ ವಿಡಿಯೊ ಯೂಟ್ಯೂಬಿನಲ್ಲಿ ಇನ್ನೂ ಹಾಗೇ ಇದೆ. ಮಂಡಿ ತಾತ "ಇದು ನಂದಲ್ಲ" ಎನ್ನುವುದು, ಜನ ಎದ್ದು ನಿಲ್ಲುವುದು, ಎಲ್ಲ ಅದರಲ್ಲಿ ಕಾಣುತ್ತದೆ. ಕೆಳಗೆ ಬೇರೆಯವರ ಪರಿಚಯ. ನಡೆದದ್ದು ಏನು ಎಂದು ಅಲ್ಲಿ ನಾಲ್ಕು ಸಾಲು ಬರೆಯಿರಿ, ಇಬ್ಬರ ಊರನ್ನೂ ಕೇಳಿಕೊಂಡು ಹಾಕಿ ಎಂದು ಕಾರ್ಯದರ್ಶಿಯವರಿಗೆ ಹೇಳಿದ್ದೇನೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಆ ಸಭೆಗೆ ನಾನೂ ಹೋಗುತ್ತೇನೆ.